ಅರಿಶಿನ ಹಚ್ಚಿದ ಕಾರ್ಡು

ಮುನಿರಾಮಯ್ಯನಿಗೆ ಟಿ.ಬಿ. ಬಂದಿದೆ ಎಂದು ತಿಳಿದ ದಿನ ನಾನು ಮನೆಗೆ ಬಂದು ಶಾವಿಗೆ ಪಾಯಸ ಮಾಡಿಕೊಂಡು ತಿಂದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ನಾಚಿಕೆಪಡಬೇಕಾದ್ದು ಬೇರೆ ಇದೆ, ಅದನ್ನೂ ಹೇಳುತ್ತೇನೆ.

ನಾನು ಮುನಿಗಂಗಮ್ಮ, ವಿಜಯಪುರದಲ್ಲಿ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು ಹದಿನೇಳು ವರ್ಷವಾಯಿತು. ಬಸುರಿ, ಬಾಣಂತಿ, ಬಿ.ಪಿ., ಸಕ್ಕರೆ ಕಾಯಿಲೆ, ಡೆಂಗಿ ಸೊಳ್ಳೆ ಎಲ್ಲವೂ ನನ್ನ ತಲೆಗೇ. ನನ್ನ ಬೀದಿಗಳಲ್ಲಿ ಯಾರಿಗಾದರೂ ಟಿ.ಬಿ. ಎಂದು ಗೊತ್ತಾದರೆ ಅವರು ಆರು ತಿಂಗಳು ದಿನಾ ಮಾತ್ರೆ ನುಂಗುವ ಹಾಗೆ ನೋಡಿಕೊಳ್ಳುವುದೂ ನನ್ನ ಕೆಲಸ. ನುಂಗದೆ ತಪ್ಪಿಸಿಕೊಂಡರೆ ಹಿಂದೆ ಬಿದ್ದು ನುಂಗಿಸಬೇಕು.

ಮುನಿರಾಮಯ್ಯನೂ ಒಂದು ಕಾಲಕ್ಕೆ ಇದೇ ಕೆಲಸದವನು. ಎದುರಿಗೆ ಸಿಕ್ಕರೆ ಸಾರ್ ಎನ್ನುತ್ತೇನೆ, ಮನಸ್ಸಿನೊಳಗೆ ಯಾವತ್ತೂ ಅವನು, ಇವನು ಎಂದೇ. ಎಂಬತ್ತರ ದಶಕದಲ್ಲಿ ಅವನು ಸರ್ಕಾರದ ಕ್ಷಯ ನಿಯಂತ್ರಣದ ನೌಕರ. ಸೈಕಲ್ಲಿನ ಕ್ಯಾರಿಯರ್‌ಗೆ ಮರದ ಪೆಟ್ಟಿಗೆ ಕಟ್ಟಿಕೊಂಡು, ಅದರಲ್ಲಿ ಕಫ ಹಿಡಿಯುವ ಡಬ್ಬಿಗಳನ್ನು ಇಟ್ಟುಕೊಂಡು ಊರೆಲ್ಲ ಸುತ್ತುತ್ತಿದ್ದ. ಆಗ ನಮ್ಮ ಕಡೆ ಬೀದಿ ಬೀದಿಗೂ ಚರಕ. ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಗಳಲ್ಲಿ ಹೊಗೆ, ಹಬೆ, ಬೆಂದ ಹುಳದ ನಾತ. ಕೆಮ್ಮದವರೇ ಇರಲಿಲ್ಲ. ಯಾರು ಕೆಮ್ಮಿದರೂ ಚರಕದ ಕೆಮ್ಮು ಎಂದು ಮೆಣಸು ಬೆಲ್ಲ ಕೊಟ್ಟು ಸುಮ್ಮನಾಗುತ್ತಿದ್ದರು. ಆ ಕೆಮ್ಮುಗಳ ಸಂತೆಯಲ್ಲಿ ನಿಜವಾದ ಕ್ಷಯದ ಕೆಮ್ಮನ್ನು ಹುಡುಕಿ ಹಿಡಿಯುವುದರಲ್ಲಿ ಮುನಿರಾಮಯ್ಯ ಎತ್ತಿದ ಕೈ. ಹಗೆಯಾದರೂ ಸತ್ಯ ಹೇಳಬೇಕು, ಅವನ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಮಾತ್ರೆ ತೆಗೆದುಕೊಳ್ಳಲು ಬರಬೇಕಾದವರು ಬರದಿದ್ದರೆ ಮೊದಲು ಅಂಚೆಯಲ್ಲಿ ಕಾರ್ಡು, ಅದಕ್ಕೂ ಬಗ್ಗದಿದ್ದರೆ ಮನೆ ಮುಂದೆ ಅವನ ಸೈಕಲ್ ಬೆಲ್ಲು.

ಅಂಥ ಮನುಷ್ಯ, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಒಬ್ಬನೇ ಆಸ್ಪತ್ರೆಗೆ ಹೋಗಿ ಕಫ ಕೊಟ್ಟು ಬಂದು, ಮೂರು ವಾರ ಮಾತ್ರೆ ನುಂಗಿ ಬಿಟ್ಟುಬಿಟ್ಟಿದ್ದ. ಮನೆಯಲ್ಲಿ ಮಗ ಮೂರ್ತಿ, ಸೊಸೆ ರೂಪ, ಮೊಮ್ಮಗಳು ಧನುಶ್ರೀ. ಯಾರಿಗೂ ಹೇಳಿರಲಿಲ್ಲ. ನಾನು ಹೋದರೆ ಬಿ.ಪಿ. ನೋಡಲು ಬಂದಿದ್ದೇನೆ ಎಂದೇ ರೂಪ ತಿಳಿದಿದ್ದಳು. ಹನ್ನೊಂದನೆಯ ದಿನ ನಾನು ಹೋದಾಗ ಅವನು ಗೇಟಿನ ಆಚೆಯೇ ನನ್ನನ್ನು ತಡೆದ.

"ಈ ಸೀರೆ ಉಟ್ಕಂಡು ಬರ್ಬೇಡ ಅಂತ ಹೇಳಿರ್ಲಿಲ್ವೇನಮ್ಮಾ?"

"ಸರ್ಕಾರ ಕೊಟ್ಟಿರೋ ಸೀರೆ ಸಾರ್. ಮಾತ್ರೆ ಯಾಕ್ ಬಿಟ್ರಿ? ಹನ್ನೊಂದು ದಿನ ಆಯ್ತು."

"ಮುಂದಿನ ಶುಕ್ರವಾರ ಧನು ಎಂಗೇಜ್‌ಮೆಂಟು. ಹೊಸಕೋಟೆ ಕಡೆಯೋರು. ಈಗ್ಲಿಂದ್ಲೇ ಮನೆ ತುಂಬ ನೆಂಟ್ರು. ಯಾರಾದ್ರೂ ಆ ಮಾತ್ರೆ ಶೀಟ್ ನೋಡಿದ್ರೆ ಮುಗೀತು. ಶುಕ್ರವಾರ ಕಳೀಲಿ, ಆಮೇಲೆ ಶುರು ಮಾಡ್ತೀನಿ."

"ಮನೆಯೋರಿಗೆ ಹೇಳಿದ್ರಾ? ಅವ್ರೂ ಪರೀಕ್ಷೆ ಮಾಡಿಸ್ಬೇಕು. ಆ ಹುಡ್ಗಿ ನಿಮ್ಮ ಪಕ್ಕದಲ್ಲೇ ಕೂತು ಟೀವಿ ನೋಡ್ತಾಳೆ."

"ಮೂವತ್ತೈದು ವರ್ಷ ಇದೇ ಕೆಲ್ಸ ಮಾಡಿದೋನು ನಾನು. ನಂಗೇ ಪಾಠ ಹೇಳ್ಕೊಡ್ತೀಯಾ?"

"ಅದಕ್ಕೇ ಅನ್ನೋದು, ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ."

ಅವನ ಮುಖ ಕೆಂಪಾಯಿತು. ಏನೋ ಹೇಳಲು ಹೋಗಿ ಕೆಮ್ಮು ಬಂತು. ಟವೆಲ್ಲಿಗೆ ಬಾಯಿ ಒತ್ತಿಕೊಂಡು ಗೇಟು ಹಿಡಿದು ನಿಂತ. ನಾನು ಸಹಾಯಕ್ಕೆ ಹೋಗಲಿಲ್ಲ.

ಕೆಮ್ಮು ನಿಂತ ಮೇಲೆ ಅವನು ಮೆಲ್ಲಗೆ, ಒಂದೊಂದೇ ಮಾತು ಎಣಿಸಿದ ಹಾಗೆ ಹೇಳಿದ. "ನಿನ್ನ ಕೋಪ ಮಾತ್ರೆ ಮೇಲಲ್ಲ, ನಂಗೊತ್ತು. ಚರಕದ ಪಿಳ್ಳಪ್ಪನ ಮಗಳಲ್ವಾ ನೀನು? ನಲವತ್ತು ವರ್ಷದಿಂದ ನನ್ನ ಕಂಡ್ರೆ ಮುಖ ತಿರುಗಿಸ್ತೀಯ. ಕಾರ್ಡ್ ಬರ್ದಿದ್ದು ನಾನೇ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಅಷ್ಟು ಜನದ ಮುಂದೆ ಅದನ್ನ ಓದಿದ್ದು ಯಾರು? ಹೋಗಿ ಅವರನ್ನ ಕೇಳು."

ನಾನು ಗೇಟನ್ನು ಧಡಾರನೆ ಎಳೆದು ಬಂದುಬಿಟ್ಟೆ. ದಾರಿಯುದ್ದಕ್ಕೂ ಅವನ ವಂಶವನ್ನೆಲ್ಲ ಬೈದುಕೊಂಡೆ. ಕೇಳಲು ಯಾರ ಹತ್ತಿರವೂ ಹೋಗಬೇಕಾಗಿರಲಿಲ್ಲ. ಓದಿದ್ದು ನಾನೇ.

ಆಗ ನನಗೆ ಹದಿಮೂರು ವರ್ಷ, ಏಳನೇ ಕ್ಲಾಸು. ಅಕ್ಕ ಆಂಜಿನಮ್ಮನಿಗೆ ಹತ್ತೊಂಬತ್ತು. ಚರಕದ ಮುಂದೆ ಕೂತು ಕೂತು ಅವಳೂ ಕೆಮ್ಮುತ್ತಿದ್ದಳು, ಎಲ್ಲರೂ ಕೆಮ್ಮುವ ಹಾಗೆ. ಒಂದು ದಿನ ಕೆಮ್ಮಿದಾಗ ರಕ್ತ ಬಂತು. ಮುನಿರಾಮಯ್ಯನೇ ಡಬ್ಬಿ ಕೊಟ್ಟು ಕಫ ಹಿಡಿಸಿ, ದೇವನಹಳ್ಳಿಗೆ ಕರೆಸಿಕೊಂಡು ಸೂಜಿ, ಮಾತ್ರೆ ಎರಡೂ ಶುರು ಮಾಡಿಸಿದ. ಎರಡು ತಿಂಗಳಲ್ಲಿ ಅಕ್ಕ ಮೈ ಕೈ ತುಂಬಿಕೊಂಡಳು. ಅಷ್ಟರಲ್ಲಿ ಕುಂದಾಣದ ಕಡೆಯಿಂದ ಗಂಡು ಕೂಡಿಬಂತು. ತಿಂಗಳು ತಿಂಗಳು ಆಸ್ಪತ್ರೆಗೆ ಹೋಗಿ ಮಾತ್ರೆ ತರುವ ಹುಡುಗಿಯನ್ನು ಯಾರು ತಂದುಕೊಳ್ಳುತ್ತಾರೆ ಎಂದು ಅಪ್ಪ ಅವಳನ್ನು ಬಿಡಿಸಿಬಿಟ್ಟ. ಚೆನ್ನಾಗಿಯೇ ಇದ್ದಾಳಲ್ಲ, ಮದುವೆಯಾದ ಮೇಲೆ ಬೇಕಾದರೆ ನೋಡಿಕೊಳ್ಳೋಣ ಎಂದ.

ಇಪ್ಪತ್ತು ದಿನವಾದ ಮೇಲೆ ಮುನಿರಾಮಯ್ಯ ಕಾರ್ಡು ಹಾಕಿದ. ಸರ್ಕಾರದ ಅಚ್ಚು ಹಾಕಿದ ಕಾರ್ಡು ಬಂದರೆ ಜನ ಹೆದರುತ್ತಿದ್ದರು. ಜಪ್ತಿಯೋ, ಕೋರ್ಟೋ ಎಂದು ತೆಗೆದುಕೊಳ್ಳದೆ ಪೋಸ್ಟ್‌ಮನ್‌ಗೇ ವಾಪಸು ಕೊಡುತ್ತಿದ್ದರು. ಅದಕ್ಕೆ ಅವನು ಒಂದು ಉಪಾಯ ಮಾಡಿಕೊಂಡಿದ್ದ. ಮಾಮೂಲಿ ಅಂಚೆ ಕಾರ್ಡಿನಲ್ಲಿ ಕೈಬರಹದಲ್ಲಿ ಬರೆದು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕಳಿಸುತ್ತಿದ್ದ. ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದಿರುತ್ತದೆ, ಶುಭದ ಕಾಗದಕ್ಕೆ ಅರಿಶಿನ ಇರುತ್ತದೆ. ಅರಿಶಿನ ಕಂಡರೆ ಯಾರು ಬೇಡ ಎನ್ನುತ್ತಾರೆ? ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದರು, ಓದು ಬಂದವರನ್ನು ಹುಡುಕಿ ಓದಿಸುತ್ತಿದ್ದರು. ಈ ಉಪಾಯದಿಂದ ಎಷ್ಟೋ ಜನ ಆಸ್ಪತ್ರೆಗೆ ವಾಪಸು ಬಂದರಂತೆ. ಬಂದಿರಬಹುದು. ಓದಿಸುವಾಗ ಪಕ್ಕದಲ್ಲಿ ಯಾರು ಕೂತಿರುತ್ತಾರೆ ಎನ್ನುವುದು ಮಾತ್ರ ಆ ಮಹಾಬುದ್ಧಿವಂತನಿಗೆ ಹೊಳೆದಿರಲಿಲ್ಲ.

ನಮ್ಮ ಮನೆಗೆ ಅದು ಬಂದದ್ದು ವೀಳ್ಯಶಾಸ್ತ್ರದ ದಿನ. ಗಂಡಿನವರು ಹದಿನೈದು ಜನ ಚಾಪೆಯ ಮೇಲೆ ಕೂತಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ, ಸೀರೆ, ಹೂವು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಕಾರ್ಡಿನ ಅರಿಶಿನ ನೋಡಿ ಮುಖ ಅರಳಿತು. ಒಳ್ಳೇ ಹೊತ್ತಿಗೆ ಒಳ್ಳೇ ಕಾಗದ ಬಂತು ಎಂದು ಎಲ್ಲರಿಗೂ ತೋರಿಸಿದ. ಮಗಳು ಓದುತ್ತಾಳೆ ಎನ್ನುವ ಜಂಬ ಬೇರೆ. "ಎಲ್ಲಾರ್ಗೂ ಕೇಳೋ ಹಂಗೆ ಓದು ಮಗಾ" ಎಂದ.

ನಾನು ಎದ್ದು ನಿಂತು, ಶಾಲೆಯಲ್ಲಿ ಪಾಠ ಓದುವ ಹಾಗೆ ಎರಡು ಕೈಯಲ್ಲೂ ಕಾರ್ಡು ಹಿಡಿದು ಓದಿದೆ. "ನಿಮ್ಮ ಮಗಳು ಆಂಜಿನಮ್ಮ ಕ್ಷಯರೋಗದ ಚಿಕಿತ್ಸೆಗೆ ಇಪ್ಪತ್ತು ದಿನಗಳಿಂದ ಬಂದಿರುವುದಿಲ್ಲ. ಅರ್ಧದಲ್ಲಿ ಔಷಧಿ ಬಿಟ್ಟರೆ ಜೀವಕ್ಕೆ ಅಪಾಯ. ಮನೆಯ ಇತರರಿಗೂ ಹರಡುವುದು. ಕೂಡಲೇ ಕರೆತರುವುದು. ಇಂತಿ, ಮುನಿರಾಮಯ್ಯ." ಮೊದಲ ಸಾಲಿನಲ್ಲೇ ನನಗೆ ಅರ್ಥವಾಗಿತ್ತು. ಆದರೆ ನಿಲ್ಲಿಸಬಹುದು ಎಂದು ಹೊಳೆಯಲಿಲ್ಲ. ಮಧ್ಯದಲ್ಲಿ ನಿಲ್ಲಿಸಿದರೆ ನಮ್ಮ ಮೇಷ್ಟ್ರು ಬೈಯುತ್ತಿದ್ದರು. ಇಂತಿ ಎನ್ನುವವರೆಗೂ ಓದಿದೆ.

ಗಂಡಿನವರು ತಟ್ಟೆ ಎತ್ತಿಕೊಂಡು ಹೋದರು. ಅಕ್ಕ ಆವತ್ತಿನಿಂದ ಬಾಗಿಲು ದಾಟಲಿಲ್ಲ. ಆಸ್ಪತ್ರೆಗೆ ಹೋಗು ಎಂದರೆ, ಊರಿಗೆಲ್ಲ ಗೊತ್ತಾಯ್ತಲ್ಲ, ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ ಎನ್ನುತ್ತಿದ್ದಳು. ಮುನಿರಾಮಯ್ಯ ಮೂರು ಸಲ ಸೈಕಲ್ಲಿನಲ್ಲಿ ಬಂದ. ಅಪ್ಪ ಮೂರು ಸಲವೂ ಸೌದೆ ಹಿಡಿದು ಓಡಿಸಿದ. ಮುಂದಿನ ಕಾರ್ತಿಕದಲ್ಲಿ ಅಕ್ಕ ಹೋದಳು. ಆ ಕಾರ್ಡು ಹಾಕಿದವನು ಕೊಂದ ಎಂದು ಊರೆಲ್ಲ ಅಂದಿತು. ನಾನೂ ಅಂದೆ. ಎಲ್ಲರಿಗಿಂತ ಜೋರಾಗಿ ಅಂದೆ. ಓದಿದವಳ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ನಲವತ್ತೆರಡು ವರ್ಷದ ಮೇಲೆ ಆ ಮುದುಕ ಗೇಟಿನಲ್ಲಿ ನಿಂತು ಅದನ್ನು ಎತ್ತಿದ್ದ.

ರೋಗಿ ಮಾತ್ರೆ ಬಿಟ್ಟರೆ ಮೇಲಿನ ಸೂಪರ್‌ವೈಸರ್‌ಗೆ ಒಂದು ಫೋನ್ ಮಾಡಬೇಕು, ನಿಯಮ ಅಷ್ಟೇ. ನಾನು ಮಾಡಲಿಲ್ಲ. ಮರುದಿನ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೇಳಿದೆ. ಕೌಂಟರಿನ ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಯಾವುದೋ ಕಟ್ಟಿನ ಅಡಿಯಿಂದ ಹುಡುಕಿ ಕೊಟ್ಟಳು. ಮನೆಗೆ ಬಂದು ಬರೆಯಲು ಕೂತೆ. ಯೋಚಿಸಬೇಕಾಗಿರಲಿಲ್ಲ, ಪ್ರತಿ ಅಕ್ಷರವೂ ಬಾಯಿಪಾಠ. ನಿಮ್ಮ ಮಗಳು ಎಂದಿದ್ದ ಕಡೆ ನಿಮ್ಮ ತಂದೆ ಎಂದು ಹಾಕಿ, ಇಪ್ಪತ್ತಿದ್ದ ಕಡೆ ಹದಿನೆಂಟು ಎಂದು ಬರೆದೆ. ಶುಕ್ರವಾರಕ್ಕೆ ಲೆಕ್ಕ ಸರಿಯಾಗುತ್ತಿತ್ತು. ಕೆಳಗೆ ಇಂತಿ, ಮುನಿಗಂಗಮ್ಮ ಎಂದು ಹೆಸರನ್ನೂ ಹಾಕಿದೆ. ಕದ್ದು ಕಲ್ಲು ಹೊಡೆಯುವ ಜಾತಿಯಲ್ಲ ನಾನು. ಆಮೇಲೆ ಅಡುಗೆಮನೆಗೆ ಹೋಗಿ ಅರಿಶಿನ ಕಲಸಿ ನಾಲ್ಕು ಮೂಲೆಗೂ ಹಚ್ಚಿದೆ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ.

ಬುಧವಾರ ನಮ್ಮ ಪೋಸ್ಟ್‌ಮನ್ ನರೇಶನನ್ನು ದಾರಿಯಲ್ಲಿ ಹಿಡಿದು ಕೇಳಿದೆ. "ನರೇಶಾ, ನಾಡಿದ್ದು ಶುಕ್ರವಾರ ಮೂರ್ತಿ ಮನೇಲಿ ಫಂಕ್ಷನ್ ಐತೆ. ಒಂದು ಶುಭದ ಕಾರ್ಡ್ ಹಾಕ್ತಿದೀನಿ. ಹನ್ನೊಂದೂವರೆ ಹೊತ್ಗೆ ಕೊಡ್ತೀಯಾ?"

"ವಾಟ್ಸಾಪ್ ಕಾಲದಲ್ಲಿ ಕಾರ್ಡಾ ಅಕ್ಕ? ಸೂಪರ್ ಬಿಡಿ" ಎಂದು ನಗುತ್ತಾ ಹೋದ.

ಶುಕ್ರವಾರ ನಾನು ಗುಲಾಬಿ ಸೀರೆ ಉಡಲಿಲ್ಲ. ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಹೋದೆ. ಬೀದಿಯವರನ್ನೆಲ್ಲ ರೂಪ ಕರೆದಿದ್ದಳು. ಹಾಲಿನ ತುಂಬ ಸೇವಂತಿಗೆ ಹೂವಿನ ಅಲಂಕಾರ. ಮುನಿರಾಮಯ್ಯ ಮೂಲೆಯ ಕುರ್ಚಿಯಲ್ಲಿ ಶಲ್ಯ ಹೊದ್ದು, ಬಾಯಿಗೆ ಮಾಸ್ಕು ಹಾಕಿಕೊಂಡು ಕೂತಿದ್ದ. ಧೂಳಿನ ಅಲರ್ಜಿ ಎಂದು ನೆಂಟರಿಗೆಲ್ಲ ಹೇಳಿಕೊಂಡಿದ್ದನಂತೆ. ನನ್ನನ್ನು ನೋಡಿದ. ಸೀರೆ ಬದಲಾಗಿದ್ದು ಕಂಡು ಸಮಾಧಾನವಾಯಿತೋ ಏನೋ, ತಲೆಯಾಡಿಸಿದ. ನಾನೂ ಆಡಿಸಿದೆ.

ಗಂಡಿನ ದೊಡ್ಡಪ್ಪ ಕೊಂಡಪ್ಪ ಎನ್ನುವವರು ತಟ್ಟೆ ಬದಲಾಯಿಸಲು ಎದ್ದಾಗ ನರೇಶ ಬಾಗಿಲಲ್ಲಿ ನಿಂತ. "ಪೋಸ್ಟ್!" ಎಂದು ಕೂಗಿ, ಕಾರ್ಡನ್ನು ಮೂರ್ತಿಯ ಕೈಗೆ ಕೊಟ್ಟ.

ಕೊಂಡಪ್ಪನವರೇ ಮೊದಲು ನೋಡಿದ್ದು. "ಓಹೋ, ಅರಿಶಿನದ ಕಾರ್ಡು! ಎಷ್ಟು ವರ್ಷ ಆಗಿತ್ತಪ್ಪ ಇದನ್ನ ನೋಡಿ. ಒಳ್ಳೇ ಗಳಿಗೇಲಿ ಬಂದೈತೆ. ಓದ್ಸಿ, ಎಲ್ರೂ ಕೇಳ್ಲಿ."

ಮೂರ್ತಿ ಕನ್ನಡಕಕ್ಕಾಗಿ ಜೇಬು ತಡಕಿ, ಸಿಗದೆ, ಮಗಳ ಕಡೆ ಚಾಚಿದ. "ಧನು, ನೀನೇ ಓದಮ್ಮ. ಜೋರಾಗಿ."

ಮೂಲೆಯಲ್ಲಿ ಮುನಿರಾಮಯ್ಯ ಆ ಹಳದಿ ಮೂಲೆಗಳನ್ನು ನೋಡಿದ. ಅವನಿಗಿಂತ ಚೆನ್ನಾಗಿ ಅದನ್ನು ಗುರುತಿಸುವವರು ಇನ್ನಾರಿದ್ದಾರೆ? ಏಳಲು ಹೋದ, ಕೈ ಚಾಚಿದ. ಮಾತು ಬರುವ ಬದಲು ಕೆಮ್ಮು ಬಂತು, ಕುರ್ಚಿಯಲ್ಲೇ ಮುದುರಿಕೊಂಡ. ಆ ಮುಖ ನೋಡಬೇಕೆಂದೇ ನಾನು ಇಷ್ಟು ವರ್ಷ ಕಾದದ್ದು. ನೋಡಿದೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಧನುಶ್ರೀಯ ಕಡೆ ತಿರುಗಿದೆ. ಅವಳು ಎದ್ದು ನಿಂತಿದ್ದಳು. ಕಾರ್ಡನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ಓದಬೇಡ ಎಂದು ಕೂಗಬೇಕೆನ್ನಿಸಿತು. ಬಾಯಿ ತೆರೆದೆ. ಆವತ್ತು ನಿಲ್ಲಿಸಲು ಬಾರದ ಬಾಯಿ ಇವತ್ತು ಶುರು ಮಾಡಲೂ ಬಾರದೆ ಹೋಯಿತು.

ಹುಡುಗಿಯ ಕಣ್ಣು ಒಂದು ಸಲ ಮೇಲಿನಿಂದ ಕೆಳಗೆ ಹೋಯಿತು. ಕೊನೆಯ ಸಾಲಿನಲ್ಲಿ ಒಂದು ಕ್ಷಣ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಮತ್ತೆ ಕಾರ್ಡು ನೋಡುತ್ತಾ, ಎಲ್ಲರಿಗೂ ಕೇಳುವ ಹಾಗೆ ಓದಿದಳು.

"ಚಿರಂಜೀವಿ ಧನುಶ್ರೀಗೆ ಆಶೀರ್ವಾದಗಳು. ದೂರದಲ್ಲಿರುವುದರಿಂದ ಖುದ್ದಾಗಿ ಬರಲು ಆಗಲಿಲ್ಲ. ಎರಡೂ ಮನೆಯವರಿಗೆ ಒಳ್ಳೆಯದಾಗಲಿ. ನಿಮ್ಮ ತಾತನ ಆರೋಗ್ಯ ಚೆನ್ನಾಗಿ ನೋಡಿಕೊಳ್ಳಿ. ಇಂತಿ, ತಾತನ ಹಳೆಯ ಸ್ನೇಹಿತರು."

ಸ್ವರ ಒಂದಿಷ್ಟೂ ಅಳುಕಲಿಲ್ಲ. ಕಾರ್ಡನ್ನು ಸೀರೆಯ ಮಡಿಕೆಯೊಳಗೆ ಸಿಕ್ಕಿಸಿಕೊಂಡು ಕೂತಳು. "ಒಳ್ಳೇ ಜನ" ಎಂದರು ಕೊಂಡಪ್ಪ. ತಟ್ಟೆ ಬದಲಾಯಿಸಿದರು. ಹುಡುಗ ಉಂಗುರ ತೊಡಿಸಿದ. ಎಲ್ಲರೂ ಅಕ್ಷತೆ ಹಾಕಿದರು, ನನ್ನ ಕೈಯಲ್ಲಿದ್ದ ಅಕ್ಷತೆ ಬೆವರಿಗೆ ಅಂಟಿಕೊಂಡು ಬೀಳಲೇ ಇಲ್ಲ.

ಇಷ್ಟು ಸುಲಭವಿತ್ತೇ ಅದು? ಇಷ್ಟೇ ಮಾಡಿದ್ದರೆ ಸಾಕಿತ್ತೇ? ನಾಲ್ಕು ಸಾಲು ಸುಳ್ಳು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ನಾನು ಏನು ಓದಿದರೂ ನಂಬುತ್ತಿದ್ದ. ಗಂಡಿನವರು ಹೋದ ಮೇಲೆ ಒಳಗೆ ಕರೆದು ನಿಜ ಹೇಳಬಹುದಿತ್ತು. ಒಬ್ಬಟ್ಟು ಬಡಿಸಿದರು, ಎಲೆ ಮಡಿಸಿ ಎದ್ದೆ.

ಮೆಲ್ಲಗೆ ಹಿತ್ತಲ ಬಾಗಿಲಿನಿಂದ ಹೊರಡುವಾಗ ಧನುಶ್ರೀ ಬಂದು ಅಡ್ಡ ನಿಂತಳು. ತಲೆತುಂಬ ಮಲ್ಲಿಗೆ, ಕಣ್ಣಿನಲ್ಲಿ ಬೆಂಕಿ.

"ಇದು ನಿಜಾನಾ ಆಂಟಿ? ತಾತಂಗೆ ಟಿ.ಬಿ.ನಾ?"

"ನಿಜ. ಹದಿನೆಂಟು ದಿನದಿಂದ ಮಾತ್ರೆ ತಗೊಂಡಿಲ್ಲ."

"ಅದನ್ನ ಹೇಳೋಕೆ ನಿಮಗೆ ಇದೇ ದಿನ ಬೇಕಿತ್ತಾ? ನನ್ನ ಪಕ್ಕಕ್ಕೆ ಕರ್ದು ಹೇಳೋಕೆ ಬಾಯಿ ಇರ್ಲಿಲ್ವಾ?"

"ನಿಮ್ಮ ತಾತ ನಮ್ಮಕ್ಕಂಗೆ ಇಂಥದೇ ಕಾರ್ಡ್ ಹಾಕಿದ್ದ ಕಣಮ್ಮ. ಇಂಥದೇ ದಿನ ಬಂತು. ಮದುವೆ ಮುರೀತು. ಮಾತ್ರೆ ಬಿಟ್ಟು ಸತ್ತೋದ್ಲು." ಹೇಳುತ್ತಾ ಹೇಳುತ್ತಾ ನನ್ನ ಸ್ವರ ಏರಿತು. ಇಷ್ಟು ವರ್ಷ ಈ ಮಾತನ್ನು ಎಲ್ಲಿ ಹೇಳಿದರೂ ಜನ ಅಯ್ಯೋ ಪಾಪ ಎನ್ನುತ್ತಿದ್ದರು.

ಧನುಶ್ರೀ ಅಯ್ಯೋ ಪಾಪ ಎನ್ನಲಿಲ್ಲ. "ಅದನ್ನ ಓದಿದ್ದು ಯಾರು?" ಎಂದಳು.

ತಾತನ ಮೊಮ್ಮಗಳೇ ಸರಿ. ಆದರೆ ಅವಳು ನನ್ನನ್ನು ಚುಚ್ಚಲು ಕೇಳಿದ್ದಲ್ಲ. ಈಗ ತಾನೇ ಇಂಥದನ್ನು ಕೈಯಲ್ಲಿ ಹಿಡಿದು ನಿಂತಿದ್ದವಳಿಗೆ ಬರಬೇಕಾದ ಪ್ರಶ್ನೆ ಅದೊಂದೇ.

"ನಾನು" ಎಂದೆ. ಮೊದಲ ಸಲ ಒಬ್ಬರ ಎದುರಿಗೆ ಆ ಮಾತು ನನ್ನ ಬಾಯಿಂದ ಬಂತು. "ನಂಗಾಗ ಹದಿಮೂರು ವರ್ಷ. ಗೊತ್ತಾಗ್ಲಿಲ್ಲ."

ಕ್ಷಮಿಸುತ್ತಾಳೇನೋ ಎಂದು ಆಸೆಪಟ್ಟೆ, ಅದೂ ನಿಜ.

"ಹದಿಮೂರು ವರ್ಷದೋಳಿಗೆ ಗೊತ್ತಾಗ್ಲಿಲ್ಲ, ಸರಿ" ಎಂದಳು. "ಈಗ ಐವತ್ತೈದಲ್ವಾ ಆಂಟಿ?"

ಸೀರೆಯ ಮಡಿಕೆಯಿಂದ ಕಾರ್ಡು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ನಾಳೆಯಿಂದ ತಾತನ ಮಾತ್ರೆ ನಾನೇ ನುಂಗಿಸ್ತೀನಿ. ನಮ್ಮನೇಲಿ ಎಲ್ರೂ ಟೆಸ್ಟ್ ಮಾಡಿಸ್ತೀವಿ. ಆ ಹುಡುಗಂಗೂ ನಾನೇ ಹೇಳ್ತೀನಿ, ನನ್ನ ಬಾಯಿಂದ. ನೀವು ನಮ್ಮನೆ ಗೇಟ್ ಮುಟ್ಬೇಡಿ."

ಹೇಳಿದ್ದನ್ನೆಲ್ಲ ಮಾಡಿದಳು. ಮರುದಿನವೇ ತಾತನನ್ನು ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಬಿಟ್ಟಿದ್ದ ಮಾತ್ರೆ ಮತ್ತೆ ಶುರು ಮಾಡಿಸಿದಳು. ಮನೆಯವರ ಪರೀಕ್ಷೆಯಾಯಿತು, ಯಾರಿಗೂ ಇರಲಿಲ್ಲ. ಹುಡುಗನಿಗೂ ಹೇಳಿದಳಂತೆ. ಕೊಂಡಪ್ಪನವರು ಎರಡು ವಾರ ಫೋನ್ ಎತ್ತಲಿಲ್ಲವಂತೆ, ಆಮೇಲೆ ಎತ್ತಿದರಂತೆ. ಇದೆಲ್ಲ ನನಗೆ ಬೀದಿಯವರ ಬಾಯಿಂದ ಬಂದ ಸುದ್ದಿ. ಅವಳಿಂದ ನನಗೆ ಬರುವುದು ದಿನಾ ಬೆಳಿಗ್ಗೆ ಎಂಟು ಗಂಟೆಗೆ ಫೋನಿನಲ್ಲಿ ಒಂದು ಫೋಟೋ. ಖಾಲಿಯಾದ ಮಾತ್ರೆ ಶೀಟು, ಪಕ್ಕದಲ್ಲಿ ನೀರು ಕುಡಿದ ಲೋಟ. ಒಂದಕ್ಷರ ಬರೆಯುವುದಿಲ್ಲ. ನಾನೂ ಬರೆಯುವುದಿಲ್ಲ, ಅವನ ಚಿಕಿತ್ಸೆಯ ಕಾರ್ಡಿನಲ್ಲಿ ಆ ದಿನದ ಚೌಕಕ್ಕೆ ಗುರುತು ಹಾಕುತ್ತೇನೆ.

ಒಂದು ಸಲ ಔಷಧಿ ಅಂಗಡಿಯ ಮುಂದೆ ಮುನಿರಾಮಯ್ಯ ಸಿಕ್ಕ. ಮೈ ತುಂಬಿಕೊಂಡಿದ್ದ, ಕೆಮ್ಮಿರಲಿಲ್ಲ. ಇಬ್ಬರೂ ನಿಂತೆವು. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು, ನಾನೂ ಬೈದು ಹಗುರವಾಗುತ್ತಿದ್ದೆ. ಅವನು ನನ್ನನ್ನು ಸುಮ್ಮನೆ ನೋಡಿ, ರಸ್ತೆ ದಾಟಿ ಹೋದ.

ಹೋದ ವಾರ ಧನುಶ್ರೀಯ ಮದುವೆ ಕಾಗದ ಹಂಚಿದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಬೀದಿಯ ಪ್ರತಿ ಮನೆಗೂ ರೂಪ ತಾನೇ ಹೋಗಿ ಕೊಟ್ಟಳು. ನಾನು ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೆ. ಅವಳು ಪಕ್ಕದ ಮನೆಗೆ ಕೊಟ್ಟು, ನನ್ನ ಬಾಗಿಲು ದಾಟಿ ಮುಂದಿನ ಮನೆಗೆ ಹೋದಳು.